ಮನೆಯ ಫೈರ್‌ವಾಲ್‌ಗೆ ಪಿಎಫ್‌ಸೆನ್ಸಾ, ಓಪಿಎನ್‌ಸೆನ್ಸಾ? ಶಿರಸಿ ಕಡೆಯವರು ಸ್ವಲ್ಪ ಹೇಳಿ

ಬೆಟ್ಟದ ಬುಡ:

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ಫೈಬರ್ ಬಂದು ಎರಡು ವರ್ಷ ಆಯ್ತು, 100 ಎಂಬಿಪಿಎಸ್ ಪ್ಲಾನ್. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕಳೆದ ವರ್ಷ ಅಡಿಕೆ ಕಳ್ಳತನದ ಸುದ್ದಿ ಜಾಸ್ತಿ ಆಯ್ತು ಅಂತ ಅಪ್ಪಯ್ಯ ಅಂಗಳಕ್ಕೂ ಗೋದಾಮಿಗೂ ಸೇರಿ ನಾಲ್ಕು ಕ್ಯಾಮೆರಾ ಹಾಕಿಸಿದರು. ಹಾಕಲು ಬಂದ ಹುಡುಗನ ಹತ್ತಿರ ಡಿವಿಆರ್ (ಕ್ಯಾಮೆರಾ ದೃಶ್ಯ ಉಳಿಸಿಡುವ ಪೆಟ್ಟಿಗೆ) ಪಾಸ್‌ವರ್ಡ್ ಏನು ಇಟ್ಟಿದ್ದೀಯಾ ಅಂತ ಕೇಳಿದರೆ "ಎಲ್ಲ ಮನೆಗೂ ಅದೇ ಇಡ್ತೇವೆ ಸರ್" ಅಂದ. ಅವತ್ತಿನಿಂದ ನನಗೆ ನಿದ್ದೆ ಸರಿ ಇಲ್ಲ.

ಮೆತ್ತಿನ ಮೇಲೆ ಹಳೆ ಡೆಸ್ಕ್‌ಟಾಪ್ ಒಂದು ಧೂಳು ತಿನ್ನುತ್ತಾ ಕೂತಿದೆ. ಐ5, 8 ಜಿಬಿ ರ್ಯಾಮ್, ಲ್ಯಾನ್ ಪೋರ್ಟ್ ಒಂದೇ. ಹಳೆ ಕಂಪ್ಯೂಟರನ್ನೇ ಫೈರ್‌ವಾಲ್, ಅಂದರೆ ಮನೆಯ ನೆಟ್ಟಿನ ಕಾವಲುಗಾರ, ಮಾಡುವ ಸಾಫ್ಟ್‌ವೇರ್ ಇದೆಯಲ್ಲ, ಪಿಎಫ್‌ಸೆನ್ಸ್ ಅಥವಾ ಓಪಿಎನ್‌ಸೆನ್ಸ್, ಅದನ್ನು ಇದಕ್ಕೆ ಹಾಕುವ ಅಂತ ಹೊರಟೆ. ಎರಡು ದಿನ ವಿಡಿಯೋ ನೋಡಿದೆ. ಒಬ್ಬ ಇದೇ ಒಳ್ಳೇದು ಅಂತಾನೆ, ಇನ್ನೊಬ್ಬ ಅದೇ ಅಂತಾನೆ, ಕಡೆಗೆ ಇಬ್ಬರೂ ಸಬ್‌ಸ್ಕ್ರೈಬ್ ಮಾಡಿ ಅಂತಾರೆ. ಬಳಸಿದವರು ಯಾರಾದರೂ ಇದ್ದರೆ ಹೇಳಿ ಮಾರಾಯ್ರೆ.

ಕಾಳಿ ದಂಡೆ:

ನಾನು ಕಾರವಾರ. 2017ರಿಂದ ಪಿಎಫ್‌ಸೆನ್ಸ್. ಕೋಡಿಬಾಗದ ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು. ಎಂಟು ವರ್ಷದಲ್ಲಿ ಅದಾಗಿ ಅದೇ ಬಿದ್ದದ್ದು ನೆನಪಿಲ್ಲ, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನೋ ರೂಲ್ ನಾನೇ ಹಾಳುಮಾಡಿ ಹೊರಗೆ ಬಿದ್ದದ್ದು ಮಾತ್ರ ಮೂರು ಸಲ. ನೆಟ್ಟಲ್ಲಿ ಯಾವ ತೊಂದರೆ ಹುಡುಕಿದರೂ ಪಿಎಫ್‌ಸೆನ್ಸ್ ಬಗ್ಗೆ ಯಾರೋ ಬರೆದಿರುತ್ತಾರೆ. ಹೊಸಬರಿಗೆ ಅದು ದೊಡ್ಡ ಅನುಕೂಲ. ಜಾಹೀರಾತು ತಡೆಯಲು, ಕೆಟ್ಟ ಐಪಿಗಳ ಪಟ್ಟಿ ಹಾಕಲು ಪಿಎಫ್‌ಬ್ಲಾಕರ್ ಅನ್ನೋ ಪ್ಯಾಕೇಜ್ ಇದೆ, ಅದೊಂದಕ್ಕೇ ನಾನು ಇದನ್ನು ಬಿಟ್ಟಿಲ್ಲ.

ಒಂದೇ ಲ್ಯಾನ್ ಪೋರ್ಟ್ ಅಂದರೆ ಕಷ್ಟ. ಇಂಟೆಲ್ ಚಿಪ್ಪಿನ ಎರಡು ಪೋರ್ಟಿನ ಕಾರ್ಡ್ ಒಂದು ಹುಡುಕಿ ಹಾಕಿ. ರಿಯಲ್‌ಟೆಕ್ ಬೇಡ. ಇವೆರಡೂ ಓಡುವುದು ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಮೇಲೆ, ಅಲ್ಲಿ ರಿಯಲ್‌ಟೆಕ್ ಡ್ರೈವರ್‌ನದ್ದು ಹಳೆಯ ರಗಳೆ. ಲೋಡ್ ಬಿದ್ದಾಗ ಲಿಂಕ್ ಹೋಗಿ ಬಂದು ಮಾಡುತ್ತೆ.

ಘಟ್ಟದ ಕೆಳಗೆ:

ಕುಮಟಾದಿಂದ. ನಾನೂ ಮೊದಲು ಪಿಎಫ್‌ಸೆನ್ಸ್‌ನಲ್ಲೇ ಇದ್ದೆ, ಈಗ ಓಪಿಎನ್‌ಸೆನ್ಸ್. ವಂಶಾವಳಿ ಗೊತ್ತಿದ್ದರೆ ಆರಿಸುವುದು ಸುಲಭ, ಅದಕ್ಕೇ ಹೇಳ್ತೇನೆ.

ಮೂಲ ಮನೆ ಮೋನೋವಾಲ್ ಅನ್ನೋ ಫೈರ್‌ವಾಲ್, 2003ರದ್ದು. 2004ರಲ್ಲಿ ಅದರಿಂದ ಒಡೆದು ಬಂದದ್ದು ಪಿಎಫ್‌ಸೆನ್ಸ್. ಹೆಸರಿನ 'ಪಿಎಫ್' ಅಂದರೆ ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್‌ನಲ್ಲಿ 2001ರಲ್ಲಿ ಬಂದ ಪ್ಯಾಕೆಟ್ ಫಿಲ್ಟರ್. 2015ರ ಜನವರಿಯಲ್ಲಿ ಪಿಎಫ್‌ಸೆನ್ಸ್‌ನಿಂದ ಇನ್ನೊಂದು ಹಿಸ್ಸೆ ಆಯ್ತು, ಅದೇ ಓಪಿಎನ್‌ಸೆನ್ಸ್. ನೆದರ್‌ಲ್ಯಾಂಡ್ಸ್‌ನ ಡೆಸಿಸೊ ಕಂಪನಿಯವರದ್ದು. ಮುಂದಿನ ತಿಂಗಳೇ ಮೋನೋವಾಲ್ ಬಾಗಿಲು ಹಾಕಿತು. ಹಾಕುವಾಗ ಅದನ್ನು ಕಟ್ಟಿದವರೇ ಬಳಕೆದಾರರಿಗೆ ಓಪಿಎನ್‌ಸೆನ್ಸ್ ನೋಡಿ ಅಂದರು. ಹಿಸ್ಸೆ ಆದಮೇಲೆ ಜಗಳ ಇಲ್ಲದೆ ಇರ್ತದಾ? ಓಪಿಎನ್‌ಸೆನ್ಸ್ ಹೆಸರಿನ ಡಾಟ್ ಕಾಮ್ ವಿಳಾಸ ಪಿಎಫ್‌ಸೆನ್ಸ್ ನಡೆಸುವ ನೆಟ್‌ಗೇಟ್ ಕಡೆಯವರ ಕೈಯಲ್ಲಿತ್ತು, ಅದನ್ನು ಬಿಟ್ಟುಕೊಡಿ ಅಂತ 2017ರಲ್ಲಿ ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ತೀರ್ಪು ಬಂತು.

ಹಾಗಾಗಿ ಒಳಗಿನ ಇಂಜಿನ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ನಡೆಸುವ ರೀತಿಯಲ್ಲಿ. ಓಪಿಎನ್‌ಸೆನ್ಸ್ ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ಬಿಡುತ್ತೆ, ಜನವರಿ ಮತ್ತು ಜುಲೈ. 25.1, 25.7 ಅಂತ ಹೆಸರಲ್ಲೇ ವರ್ಷ-ತಿಂಗಳು ಇರುತ್ತೆ. ನಡುವೆ ಸಣ್ಣ ಅಪ್‌ಡೇಟ್ ಬರ್ತಾ ಇರುತ್ತೆ. ಪಿಎಫ್‌ಸೆನ್ಸ್‌ನ ಉಚಿತ ಆವೃತ್ತಿ 2.7.2 ಬಂದದ್ದು 2023ರ ಡಿಸೆಂಬರ್, ಮುಂದಿನ 2.8 ಬಂದದ್ದು 2025ರ ಮೇ. ನಡುವೆ ಒಂದೂವರೆ ವರ್ಷ. ಪ್ಯಾಚ್ ಕೊಟ್ಟಿರಬಹುದು, ಆದರೆ ಅವರ ಗಮನ ದುಡ್ಡಿನ ಪ್ಲಸ್ ಆವೃತ್ತಿ ಮೇಲೆ ಅನ್ನೋದು ಕಾಣುತ್ತೆ. ಮನೆ ಬಳಕೆಗೆ ಪ್ಲಸ್ ಉಚಿತ ಅಂತ ಕೊಟ್ಟು 2023ರಲ್ಲಿ ಹಿಂದೆ ತಗೊಂಡರಲ್ಲ, ಅವತ್ತೇ ನಾನು ಬದಲಾಯಿಸಿದೆ.

ಕಾಳಿ ದಂಡೆ:

ಅಲ್ಲ ಸ್ವಾಮಿ, ಫೈರ್‌ವಾಲ್‌ಗೆ ಆರು ತಿಂಗಳಿಗೊಮ್ಮೆ ಹೊಸ ಮುಖ ಯಾಕೆ ಬೇಕು? ನಿಧಾನ ಅನ್ನೋದನ್ನೇ ನಾನು ಗುಣ ಅಂತೇನೆ. ನಿಮ್ಮ ಓಪಿಎನ್‌ಸೆನ್ಸ್‌ನಲ್ಲಿ ಮೆನು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಿ ಹಳೆ ವಿಡಿಯೋ ನೋಡಿದವ ಕಂಗಾಲಾಗ್ತಾನೆ. ಪ್ಲಸ್ ವಿಷಯ ಬೇಸರದ್ದೇ, ಅದು ಒಪ್ಪಿದೆ. ಈಗ ಹೊಸದಾಗಿ ಹಾಕಲು ಅವರ ಸ್ಟೋರ್‌ನಲ್ಲಿ ಅಕೌಂಟ್ ಬೇಕು, ಹಾಕುವ ಹೊತ್ತಿಗೆ ನೆಟ್ಟೂ ಇರಬೇಕು, ಅದೂ ನನಗೆ ಹಿಡಿಸುವುದಿಲ್ಲ. ಆದರೂ ಓಡ್ತಾ ಇದ್ದದ್ದನ್ನು ನಾನು ಮುಟ್ಟುವುದಿಲ್ಲ.

ಉಪ್ಪಿನ ಗಾಳಿ:

ಅಂಕೋಲಾ ಕಡೆಯಿಂದ ಒಂದು ಮಾತು. ಐಪಿಫೈರ್ ಅನ್ನೋ ಇನ್ನೊಂದು ಫೈರ್‌ವಾಲ್ ಯಾರೂ ಹೇಳಲೇ ಇಲ್ಲ? ಲಿನಕ್ಸ್ ಮೇಲೆ ಓಡುತ್ತೆ. ಕೆಂಪು ಅಂದರೆ ಹೊರಗಿನ ನೆಟ್, ಹಸಿರು ಮನೆ, ನೀಲಿ ವೈಫೈ, ಕಿತ್ತಳೆ ಅಂದರೆ ಹೊರಗಿನವರಿಗೆ ಕಾಣಬೇಕಾದ ಸರ್ವರ್. ಬಣ್ಣ ನೋಡಿದರೆ ಅರ್ಥ ಆಗ್ತದೆ. ನನ್ನ ಹಳೆ ಕಚೇರಿಯಲ್ಲಿ ಇತ್ತು. ಮನೆಗೆ ನಾನು ಹಾಕಲಿಲ್ಲ, ಐಪಿವಿ6 ಅಂದರೆ ಹೊಸ ಬಗೆಯ ನೆಟ್ ವಿಳಾಸದ (ಹಳೆಯದ್ದು ಐಪಿವಿ4) ವಿಷಯದಲ್ಲಿ ಅದು ಹಿಂದೆ ಅನ್ನಿಸಿತು.

ಹಳೆ ಮೋಡೆಮ್:

ತಮ್ಮಾ ಬೆಟ್ಟದ ಬುಡ, ನಾನು ಶಿರಸಿ ಪೇಟೆಯವ. ವಯಸ್ಸಲ್ಲಿ ದೊಡ್ಡವ, ಅದಕ್ಕೆ ನೇರ ಹೇಳ್ತೇನೆ, ಬೇಜಾರು ಮಾಡ್ಕೋಬೇಡ. ಇವರೆಲ್ಲ ಯಾವ ಕತ್ತಿ ಚೂಪು ಅಂತ ಹೇಳ್ತಾ ಇದ್ದಾರೆ. ನೀನು ಕೊಯ್ಯಬೇಕಾದ್ದು ಎಂತದು ಅಂತ ಯಾರೂ ಕೇಳಲಿಲ್ಲ.

ಮೊದಲು ಲೆಕ್ಕ ನೋಡು. ಆ ಹಳೆ ಡೆಸ್ಕ್‌ಟಾಪ್ ಸುಮ್ನೆ ಕೂತಿದ್ದರೂ 60 ವ್ಯಾಟ್ ಎಳೀತದೆ ಅಂತ ಇಟ್ಕೊ. ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43. ಫೈರ್‌ವಾಲ್ ಆಫ್ ಮಾಡಿ ಮಲಗುವ ವಸ್ತು ಅಲ್ಲ. ಅದೇ ಕೆಲಸ 10 ವ್ಯಾಟಿನ ಪೆಟ್ಟಿಗೆ ಮಾಡಿದರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಇನ್ನು ಆಷಾಢದಲ್ಲಿ ನಿಮ್ಮ ಕಡೆ ಕರೆಂಟು ಎಷ್ಟು ಹೊತ್ತು ಇರ್ತದೆ ಅಂತ ನಾನು ಹೇಳಬೇಕಾ? ಇನ್ವರ್ಟರ್ ಮೇಲೆ ಡೆಸ್ಕ್‌ಟಾಪ್ ಓಡಿಸಿದರೆ ರಾತ್ರಿ ಫ್ಯಾನ್ ಇಲ್ಲ ಅಂತ ಆಯಿ ಹತ್ತಿರ ಬೈಸ್ಕೊಳ್ಳುವವ ನೀನೇ.

ಎರಡನೇದು, ಇವರಿಬ್ಬರೂ ಹೇಳದೇ ಬಿಟ್ಟದ್ದು. ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡಕ್ಕೂ ವೈಫೈ ಕೊಡುವ ಕೆಲಸ ಬರುವುದಿಲ್ಲ. ಬರ್ತದೆ ಅಂತ ಮೆನುವಿನಲ್ಲಿ ಇದೆ, ಆದರೆ ಫ್ರೀಬಿಎಸ್‌ಡಿಯಲ್ಲಿ ವೈಫೈ ಸ್ಥಿತಿ ಅಷ್ಟಕ್ಕಷ್ಟೆ. ವೈಫೈ ಕೊಡುವ ಬೇರೆ ಪೆಟ್ಟಿಗೆ, ಆಕ್ಸೆಸ್ ಪಾಯಿಂಟ್, ಬೇಕೇ ಬೇಕು. ಫೈಬರ್ ಪೆಟ್ಟಿಗೆ ಒಂದು, ಡೆಸ್ಕ್‌ಟಾಪ್ ಒಂದು, ಆಕ್ಸೆಸ್ ಪಾಯಿಂಟ್ ಒಂದು, ಲ್ಯಾನ್ ತಂತಿ ಕೂಡಿಸುವ ಸ್ವಿಚ್ ಒಂದು. ನಾಲ್ಕು ಪ್ಲಗ್ಗು.

ಮೂರನೇದು, ನಿನ್ನ ರೂಟರಿನ ಪುಟ ತೆರೆದು ವ್ಯಾನ್ ಐಪಿ, ಅಂದರೆ ಹೊರಗಿನ ಲೈನಿನ ಕಡೆಯ ವಿಳಾಸ, ಎಷ್ಟು ಅಂತ ನೋಡಿ ಹೇಳು. ಅದಿಲ್ಲದೆ ಮುಂದಿನ ಮಾತೇ ಇಲ್ಲ.

ಬೆಟ್ಟದ ಬುಡ:

ಬೇಜಾರು ಎಂತಕ್ಕೆ, ಅಡ್ಡಿಲ್ಲ. ನೋಡಿದೆ, 100.72ರಿಂದ ಶುರು ಆಗುತ್ತೆ. ಕೆಳಗೆ ಐಪಿವಿ6 ಅಂತ ಉದ್ದದ್ದು ಒಂದು ಇದೆ, 2ರಿಂದ ಶುರು.

ಹಳೆ ಮೋಡೆಮ್:

ಹಾಂ, ಅಂದಾಜು ಮಾಡಿದ್ದೆ. 100.64ರಿಂದ 100.127ರವರೆಗಿನದ್ದು ಲೈನ್ ಕೊಡುವವರು ತಮ್ಮ ಒಳಗೇ ಹಂಚಿಕೊಳ್ಳುವ ಐಪಿ. ಒಂದೇ ಹೊರಗಿನ ಐಪಿಯ ಹಿಂದೆ ನೂರಾರು ಮನೆ ಇರ್ತವೆ. ಸಿಜಿನ್ಯಾಟ್ ಅಂತಾರೆ. ಹೊರಗಿನವ ಐಪಿವಿ4ನಲ್ಲಿ ನೇರ ನಿನ್ನ ಮನೆ ಬಾಗಿಲಿಗೆ ಬರಲಿಕ್ಕೇ ಆಗುವುದಿಲ್ಲ. ಈಗಿರುವ ಸಾದಾ ರೂಟರೂ ಕೇಳದೇ ಬಂದದ್ದನ್ನು ಒಳಗೆ ಬಿಡುವುದಿಲ್ಲ.

ಹಾಗಾದರೆ ನಿಮ್ಮ ಅಪ್ಪಯ್ಯ ಪೇಟೆಯಲ್ಲಿ ಕೂತು ಮೊಬೈಲಿನಲ್ಲಿ ಅಂಗಳ ನೋಡುವುದು ಹೇಗೆ? ಡಿವಿಆರ್ ತಾನಾಗಿಯೇ ಹೊರಗೆ ಹೋಗಿ ಕಂಪನಿಯ ಸರ್ವರ್‌ಗೆ ಕೈಕೊಟ್ಟು ಹಿಡ್ಕೊಂಡು ನಿಂತಿದೆ. ಮೊಬೈಲ್ ಆ್ಯಪ್ ಆ ಕಡೆಯಿಂದ ಅಲ್ಲಿಗೇ ಬರ್ತದೆ. ಬಾಗಿಲು ಒಳಗಿನಿಂದ ತೆರೆದದ್ದು. ಇದನ್ನು ಪಿಎಫ್‌ಸೆನ್ಸ್ ಹಾಕಿದರೂ ಅದು ಸುಮ್ನೆ ಬಿಡ್ತದೆ, ಯಾಕೆಂದರೆ ಮನೆಯಿಂದ ಹೊರಗೆ ಹೋಗುವುದಕ್ಕೆ ಎಲ್ಲದರಲ್ಲೂ ಮೊದಲಿಗೆ ಅನುಮತಿ ಇರ್ತದೆ. ನೀನು ತಡೆಯಬೇಕಾದ್ದು ಒಳಗೆ ಬರುವವನನ್ನು ಅಲ್ಲ, ಹೊರಗೆ ಹೋಗುವ ಡಿವಿಆರನ್ನು.

ಘಟ್ಟದ ಕೆಳಗೆ:

ಇದಕ್ಕೆ ಪೂರ್ತಿ ಸೈ. 2016ರಲ್ಲಿ ಮಿರಾಯ್ ಅನ್ನೋ ವೈರಸ್ಸಿನಂಥದ್ದು ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದು, ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಕಂಪನಿಯೊಂದರ ಮೇಲೆ ಬಿಟ್ಟಾಗ ಅಮೆರಿಕದಲ್ಲಿ ದೊಡ್ಡ ದೊಡ್ಡ ಸೈಟುಗಳೇ ತೆರೆಯಲಿಲ್ಲ. ಅದು ಒಳಗೆ ಹೊಕ್ಕದ್ದು ಯಾವ ಮಹಾ ವಿದ್ಯೆಯಿಂದಲೂ ಅಲ್ಲ, ಕಾರ್ಖಾನೆಯಿಂದ ಬಂದ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು. "ಎಲ್ಲ ಮನೆಗೂ ಅದೇ" ಅಂದನಲ್ಲ ನಿಮ್ಮ ಹುಡುಗ, ಅದೇ ಕತೆ. ಇವತ್ತು ರಾತ್ರಿ ಊಟಕ್ಕೆ ಮೊದಲು ಅದನ್ನು ಬದಲಾಯಿಸಿ. ಒಳಗಿನ ಸಾಧನ ತಾನಾಗಿ ರೂಟರಿನ ಬಾಗಿಲು ತೆರೆಸಿಕೊಳ್ಳುವ ಯುಪಿಎನ್‌ಪಿ ಇದ್ದರೆ ಆಫ್ ಮಾಡಿ.

ಒಂದು ಮಾತು ಸೇರಿಸ್ತೇನೆ. ಐಪಿವಿ6ನಲ್ಲಿ ಸಿಜಿನ್ಯಾಟ್ ಇಲ್ಲ. ಅಲ್ಲಿ ನಿಮ್ಮ ಪ್ರತಿ ಸಾಧನಕ್ಕೂ ಲೋಕಕ್ಕೆ ಕಾಣುವ ವಿಳಾಸ ಇರುತ್ತೆ, ನಡುವೆ ಇರುವುದು ರೂಟರಿನ ಫೈರ್‌ವಾಲ್ ಒಂದೇ. ಲೈನ್ ಕೊಟ್ಟವರ ಪೆಟ್ಟಿಗೆಯಲ್ಲಿ ಅದು ಆನ್ ಇದೆಯಾ ಅಂತ ನೋಡಿ. ನನ್ನ ಸಂಬಂಧಿಕರ ಮನೆಯಲ್ಲಿ ಆಫ್ ಇತ್ತು.

ಬೆಟ್ಟದ ಬುಡ:

ಪಾಸ್‌ವರ್ಡ್ ಬದಲಾಯಿಸಿದೆ. ಫೈರ್‌ವಾಲ್ 'ಲೋ' ಅಂತ ಇತ್ತು, ಲೋ ಅಂದರೆ ಎಂತದು ಅಂತ ಎಲ್ಲೂ ಬರೆದಿಲ್ಲ. ಯಾವುದನ್ನು ಹಾಕಿದರೂ ಲೈನ್ ಕೊಟ್ಟವರ ಈ ಡಬ್ಬಿಯನ್ನು ಬ್ರಿಜ್ ಮಾಡಿಯೇ, ಅಂದರೆ ಬರೀ ಲೈನ್ ದಾಟಿಸುವ ಹಾಗೆ ಮಾಡಿಯೇ ಹಾಕ್ತೇನೆ. ಹಳೆ ಮೋಡೆಮ್ ಅಣ್ಣಾ, ಹಾಗಾದರೆ ನೀವು ಹೇಳುವುದು ಯಾವುದು? ಇನ್ನೊಂದು ಮರೆತೆ: ಸಂಜೆ ಅಪ್ಪಯ್ಯ ಕ್ಯಾಮೆರಾ ನೋಡುವಾಗ, ಇಲ್ಲ ಆಯಿಯ ಮೊಬೈಲ್ ಫೋಟೋ ಮೇಲೆ ಕಳಿಸುವಾಗ ನನ್ನ ಮೀಟಿಂಗ್ ಮಾತು ತುಂಡುತುಂಡು ಆಗುತ್ತೆ.

ಹಳೆ ಮೋಡೆಮ್:

ಓಪನ್‌ಡಬ್ಲ್ಯುಆರ್‌ಟಿ. ರೂಟರಿನೊಳಗೆ ಕಂಪನಿಯದ್ದರ ಬದಲು ಹಾಕುವ ಸಾಫ್ಟ್‌ವೇರ್. 2004ರಿಂದ ಇದೆ, ಲಿಂಕ್‌ಸಿಸ್‌ನ ಆ ನೀಲಿ-ಕಪ್ಪು ರೂಟರಿಗೆ ಹುಟ್ಟಿದ್ದು, ಈಗ ನೂರಾರು ಮಾದರಿಗಳಿಗೆ ಸಿಗುತ್ತೆ. ಲಿನಕ್ಸ್ ಆದ್ದರಿಂದ ವೈಫೈ ಸಲೀಸು. ಒಂದೇ ಪೆಟ್ಟಿಗೆ, 12 ವೋಲ್ಟ್, ಹತ್ತು ವ್ಯಾಟ್ ಒಳಗೆ. ರೂಟರಿಗೆ ಅಂತಲೇ ಸಿಗುವ ಪುಟ್ಟ ಯುಪಿಎಸ್‌ಗೆ ಸಿಕ್ಕಿಸಿದರೆ ಕರೆಂಟು ಹೋದರೂ ಮೀಟಿಂಗ್ ನಡೀತದೆ, ಮನೆ ಇನ್ವರ್ಟರ್ ಮುಟ್ಟುವುದೇ ಬೇಡ.

ಮಾತು ತುಂಡಾಗುವುದಕ್ಕೆ ಅದರಲ್ಲಿ ಎಸ್‌ಕ್ಯೂಎಂ ಅಂತ ಇದೆ, ಒಳಗೆ ಕೇಕ್ ಅನ್ನೋ ವಿಧಾನ. ಅಪ್‌ಲೋಡ್ ತುಂಬಿದಾಗ ಪೆಟ್ಟಿಗೆಯೊಳಗೆ ಪ್ಯಾಕೆಟ್ಟಿನ ಸಾಲು ಬೆಳೀತದೆ, ನಿನ್ನ ಧ್ವನಿ ಆ ಸಾಲಿನ ಕೊನೆಯಲ್ಲಿ ನಿಲ್ತದೆ. ಪಡಿತರ ಅಂಗಡಿ ಎದುರು ನಿಂತ ಹಾಗೆ. ಕೇಕ್ ಆ ಸಾಲು ಬೆಳೆಯಲಿಕ್ಕೇ ಬಿಡುವುದಿಲ್ಲ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡ್ತಾ ಹೋಗ್ತದೆ. ಲೈನಿನ ನಿಜವಾದ ವೇಗ ಅಳೆದು ಅದರ ಶೇಕಡಾ 85-90ಕ್ಕೆ ಮಿತಿ ಹಾಕು. ಓಪಿಎನ್‌ಸೆನ್ಸ್‌ನಲ್ಲೂ ಹೀಗೆ ವೇಗ ಹಂಚುವ ಶೇಪರ್ ಇದೆ, ಆದರೆ ಅಲ್ಲಿ ಏಳೆಂಟು ಕಡೆ ಕ್ಲಿಕ್ ಮಾಡಬೇಕು.

ಕೊರತೆಯನ್ನೂ ಹೇಳಿಬಿಡ್ತೇನೆ. ಪುಟ ನೋಡಲಿಕ್ಕೆ ಅಷ್ಟು ಚಂದ ಇಲ್ಲ. ಸಾದಾ ರೀತಿಯಲ್ಲಿ ಆವೃತ್ತಿ ಬದಲಾಯಿಸಿದಾಗ ನಿನ್ನ ಸೆಟ್ಟಿಂಗ್ ಉಳೀತದೆ, ಆದರೆ ಆಮೇಲೆ ಹಾಕಿಕೊಂಡ ಪ್ಯಾಕೇಜುಗಳು ಹಾರಿಹೋಗ್ತವೆ, ಮತ್ತೆ ಹಾಕಬೇಕು. ಮತ್ತೆ ರೂಟರ್ ಕೊಳ್ಳುವಾಗ ಎಚ್ಚರ. ಹೆಸರು ಒಂದೇ ಇದ್ದರೂ ಅಡಿಯ ಚೀಟಿಯಲ್ಲಿ ವರ್ಶನ್ ನಂಬರ್ ಬೇರೆ ಇದ್ದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ಬ್ರಾಡ್‌ಕಾಮ್ ವೈಫೈ ಚಿಪ್ ಬೇಡ, ಮೀಡಿಯಾಟೆಕ್ ಆದರೆ ಒಳ್ಳೇದು. ಅವರ ಸೈಟಿನ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕೊಡು.

ಕಾಳಿ ದಂಡೆ:

ಇದು ಸರಿ, ಆದರೆ ಮುಂದೆ ಲೈನ್ 1 ಜಿಬಿಪಿಎಸ್ ಆದರೆ ಆ ಪುಟ್ಟ ಪೆಟ್ಟಿಗೆಯಲ್ಲಿ ಕೇಕ್ ಹಾಕಿ ನೋಡಿ, ಉಸಿರು ಕಟ್ಟುತ್ತೆ.

ಘಟ್ಟದ ಕೆಳಗೆ:

ಆಗ ಎನ್100 ಚಿಪ್ಪಿನ ಫ್ಯಾನ್ ಇಲ್ಲದ ಮಿನಿ ಪಿಸಿ ತಗೊಳ್ಳಿ, ಇಂಟೆಲ್ ಐ226 ಪೋರ್ಟ್ ಇರುವಂಥದ್ದು. ನನ್ನದು ಅದೇ. ಅದಕ್ಕೆ ಓಪಿಎನ್‌ಸೆನ್ಸ್ ಹಾಕುವಾಗ ಡಿಸ್ಕಿನಲ್ಲಿ ಫೈಲ್ ಇಡುವ ಪದ್ಧತಿಗೆ ಜೆಡ್‌ಎಫ್‌ಎಸ್ ಆರಿಸಿ, ಯುಎಫ್‌ಎಸ್ ಬೇಡ. ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ಒಂದು ಮಳೆಗಾಲ ಯುಎಫ್‌ಎಸ್ ಇದ್ದಾಗ ಕರೆಂಟು ದಿನಕ್ಕೆ ಆರು ಸಲ ಹೋಗಿ ಬಂದು, ಏಳನೇ ಸಲ ಪೆಟ್ಟಿಗೆ ಎದ್ದೇಳಲೇ ಇಲ್ಲ. ಕಾನ್ಫಿಗ್ ಬ್ಯಾಕಪ್ ಎಲ್ಲಿತ್ತು ಗೊತ್ತಾ? ಆ ಪೆಟ್ಟಿಗೆಯಲ್ಲೇ. ಹಾಗೇ ಬಯಾಸ್‌ನಲ್ಲಿ ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುವ ಸೆಟ್ಟಿಂಗ್ ಹಾಕಿಡಿ, ಇಲ್ಲದಿದ್ದರೆ ಊರಿಗೆ ಹೋದಾಗ ಗುಂಡಿ ಒತ್ತಲು ಪಕ್ಕದ ಮನೆಯವರಿಗೆ ಫೋನ್ ಮಾಡಬೇಕಾಗುತ್ತೆ.

ಸುರಿಕಾಟಾ ಅಂತ ದಾಳಿ ಪತ್ತೆ ಮಾಡುವುದೊಂದು ಇದೆ, ವಿಡಿಯೋದವರು ಅದನ್ನು ತೋರಿಸಿಯೇ ಜನರನ್ನು ಮರುಳು ಮಾಡುವುದು. ಈಗ ಹೆಚ್ಚಿನ ಟ್ರಾಫಿಕ್ ಗೂಢಲಿಪಿಯಲ್ಲೇ ಹೋಗುತ್ತೆ, ಅದರ ಒಳಗೆ ಅದಕ್ಕೂ ಕಾಣುವುದಿಲ್ಲ. ಮನೆಗೆ ಬೇಡ.

ಉಪ್ಪಿನ ಗಾಳಿ:

ಸಿಡಿಲಿನ ಬಗ್ಗೆ ಯಾರೂ ಮಾತಾಡಲಿಲ್ಲ ನೋಡಿ. ಫೈಬರಿನಲ್ಲಿ ಸಿಡಿಲು ಬರುವುದಿಲ್ಲ, ಸರಿ. ಆದರೆ ಗೋದಾಮಿನಿಂದ ಡಿವಿಆರ್‌ಗೆ ಬರುವ ಕ್ಯಾಮೆರಾ ತಂತಿ ತಾಮ್ರ. ಡಿವಿಆರ್‌ನಿಂದ ರೂಟರಿಗೆ ಹೋಗುವ ಲ್ಯಾನ್ ಕೇಬಲ್ಲೂ ತಾಮ್ರ. ಮೇ ತಿಂಗಳ ಒಂದು ಗುಡುಗಿಗೆ ನನ್ನದು ಡಿವಿಆರ್, ಸ್ವಿಚ್, ರೂಟರ್ ಸಾಲಾಗಿ ಸತ್ತವು. ಈಗ ಡಿವಿಆರ್ ಮತ್ತು ರೂಟರ್ ನಡುವೆ ತಾಮ್ರದ ತಂತಿಯನ್ನು ಫೈಬರಿಗೆ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್ ಇಟ್ಟು ಎರಡು ಮೀಟರ್ ಫೈಬರ್ ಎಳೆದಿದ್ದೇನೆ. ಆದರೂ ಮೋಡ ಕಪ್ಪಾದರೆ ಪ್ಲಗ್ ಕೀಳುವುದೇ.

ಹಳೆ ಮೋಡೆಮ್:

ಡಿವಿಆರ್‌ಗೆ ಬೇರೆ ಕೋಣೆ ಕೊಡುವುದು ಹೀಗೆ. ರೂಟರಿನ ಒಂದು ಲ್ಯಾನ್ ಪೋರ್ಟನ್ನು ಮನೆಯ ಪೋರ್ಟುಗಳ ಗುಂಪಿನಿಂದ (ಅದಕ್ಕೂ ಬ್ರಿಜ್ ಅಂತಲೇ ಹೆಸರು) ತೆಗೆದು ಅದಕ್ಕೊಂದು ಹೊಸ ಇಂಟರ್‌ಫೇಸ್ ಮಾಡು, ಐಪಿ ಸಾಲು ಬೇರೆ. ಅದಕ್ಕೆ 'ಕ್ಯಾಮ್' ಅಂತ ಹೊಸ ಝೋನ್, ಅಂದರೆ ಬೇರೆ ರೂಲ್ ಇರುವ ವಲಯ. ಮನೆಯಿಂದ ಕ್ಯಾಮ್‌ಗೆ ಹೋಗಲು ಬಿಡು, ಕ್ಯಾಮ್‌ನಿಂದ ಮನೆಗೂ ಬೇಡ, ಹೊರಗಿನ ನೆಟ್ಟಿಗೂ ಬೇಡ. ಇದು ಮುಂದೆ ಪಿಎಫ್‌ಸೆನ್ಸ್‌ಗೆ ಹೋದರೂ ಕೆಲಸಕ್ಕೆ ಬರುವ ಮಾತು: ಅಲ್ಲಿ ರೂಲ್ ಹಾಕುವುದು ಪ್ಯಾಕೆಟ್ ಯಾವ ಬಾಗಿಲಿನಿಂದ ಒಳಗೆ ಬರ್ತದೋ ಆ ಬಾಗಿಲಿಗೆ. ಕ್ಯಾಮೆರಾ ತಡೀತೇನೆ ಅಂತ ವ್ಯಾನ್‌ನಲ್ಲಿ ರೂಲ್ ಬರೆದು ಯಾಕೆ ಕೆಲಸ ಮಾಡ್ತಿಲ್ಲ ಅಂತ ಕೇಳುವವರನ್ನು ನಾನು ತುಂಬಾ ನೋಡಿದ್ದೇನೆ.

ಅಪ್ಪಯ್ಯನಿಗೆ ಹೊರಗಿನಿಂದ ನೋಡಲು ವೈರ್‌ಗಾರ್ಡ್ ಹಾಕು, ಮೊಬೈಲಿನಿಂದ ಮನೆಗೆ ಗುಪ್ತ ದಾರಿ ಮಾಡುವ ವಿಪಿಎನ್ ಅದು. ಐಪಿವಿ4ನಲ್ಲಿ ಸಿಜಿನ್ಯಾಟ್ ಅಡ್ಡ ಬರ್ತದೆ, ಆದರೆ ನಿನಗೆ ಐಪಿವಿ6 ಇದೆ, ಮೊಬೈಲಿಗೂ ಈಗ ಸಾಮಾನ್ಯ ಇರ್ತದೆ. ವ್ಯಾನ್‌ನಲ್ಲಿ ಐಪಿವಿ6ಗೆ ಮಾತ್ರ ಯುಡಿಪಿ 51820 ತೆರೆ. ವಿಳಾಸ ಬದಲಾಗ್ತಾ ಇರ್ತದೆ, ಒಂದೇ ಹೆಸರಿಗೆ ಹೊಸ ವಿಳಾಸ ಜೋಡಿಸ್ತಾ ಹೋಗುವ ಡೈನಾಮಿಕ್ ಡಿಎನ್‌ಎಸ್ ಬೇಕು.

ಬೆಟ್ಟದ ಬುಡ:

ಮೂರು ವಾರ ಆಯ್ತು, ವರದಿ ಒಪ್ಪಿಸ್ತೇನೆ. ಮೀಡಿಯಾಟೆಕ್ ಚಿಪ್ಪಿನ ರೂಟರ್ ತಂದು ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ. ಬ್ರಿಜ್ ಮಾಡಿಸಲು ಲೈನ್ ಕೊಟ್ಟವರಿಗೆ ನಾಲ್ಕು ಸಲ ಫೋನ್ ಮಾಡಬೇಕಾಯ್ತು. ಲೈನಿಗೆ ಲಾಗಿನ್ ಆಗುವ ಪಿಪಿಪಿಒಇ ಪಾಸ್‌ವರ್ಡ್ ಕೇಳಿದರೆ "ಅದೆಲ್ಲ ಗಿರಾಕಿಗೆ ಕೊಡುವುದಿಲ್ಲ" ಅಂದರು, ಕಡೆಗೆ ಲೈನ್ ಎಳೆದ ಹುಡುಗನೇ ವಾಟ್ಸ್ಯಾಪ್ ಮಾಡಿದ. ಎಸ್‌ಕ್ಯೂಎಂ ಹಾಕಿದ ದಿನದಿಂದ ಮೀಟಿಂಗ್ ತುಂಡಾಗಿಲ್ಲ. ಕರೆಂಟು ಹೋಗಿ ಎರಡೂವರೆ ತಾಸು ಆದರೂ ನೆಟ್ ಇತ್ತು.

ಕ್ಯಾಮ್ ಝೋನ್ ಮಾಡಿದ ಮಾರನೇ ದಿನ ಅಪ್ಪಯ್ಯ "ಕ್ಯಾಮೆರಾ ಹಾಳಾಯ್ತು" ಅಂತ ಹಾಕಿದ ಹುಡುಗನಿಗೆ ಫೋನ್ ಮಾಡಿಬಿಟ್ಟಿದ್ದರು. ವೈರ್‌ಗಾರ್ಡ್ ಹಾಕಿಕೊಟ್ಟು, ಮೊದಲು ಇದನ್ನು ಒತ್ತಿ ಆಮೇಲೆ ಅದನ್ನು ಒತ್ತಿ ಅಂತ ಕಲಿಸಿದೆ. ಈಗ ರೂಢಿ ಆಗಿದೆ. ಆದರೆ ಹೊಸ ತಲೆಬಿಸಿ ಶುರು ಆಗಿದೆ. ಡಿವಿಆರ್ ಗಡಿಯಾರ ಹನ್ನೊಂದು ನಿಮಿಷ ಹಿಂದೆ ಹೋಗಿದೆ. ಕರೆಂಟು ಹೋಗಿ ಬಂದಮೇಲೆ ಒಮ್ಮೆ 2000ನೇ ಇಸವಿ ತೋರಿಸ್ತಾ ಇತ್ತು.

ಹಳೆ ಮೋಡೆಮ್:

ಅದು ನನ್ನ ತಪ್ಪು ಮಾರಾಯಾ, ಹೇಳಲು ಮರೆತೆ. ಹೊರಗೆ ಹೋಗಲಿಕ್ಕೆ ಬಿಡದಿದ್ದರೆ ಅದಕ್ಕೆ ಸಮಯ ಹೇಳುವವರು ಯಾರು? ಓಪನ್‌ಡಬ್ಲ್ಯುಆರ್‌ಟಿ ಸಿಸ್ಟಮ್ ಪುಟದಲ್ಲಿ ಎನ್‌ಟಿಪಿ (ಸಮಯ ಹೇಳುವ) ಸರ್ವರ್ ಆಗುವ ಟಿಕ್ ಇದೆ, ಹಾಕು. ಕ್ಯಾಮ್ ಝೋನಿನಿಂದ ರೂಟರಿಗೆ ಯುಡಿಪಿ 123 ಮಾತ್ರ ಬಿಡು. ಡಿವಿಆರ್‌ನಲ್ಲಿ ಟೈಮ್ ಸರ್ವರ್ ಇರುವ ಕಡೆ ರೂಟರಿನ ಐಪಿ ಬರೆ. ಡಿವಿಆರ್ ಒಳಗಿನ ಬಟನ್ ಸೆಲ್ಲೂ ಸತ್ತಿರಬೇಕು, ಬದಲಾಯಿಸು.

ಕಾಳಿ ದಂಡೆ:

ನಾನೂ ಇವತ್ತು ನನ್ನ ಅಂಗಡಿ ಡಿವಿಆರ್ ನೋಡಿದೆ. ನಾಲ್ಕು ನಿಮಿಷ ಮುಂದೆ ಇದೆ. ಎಂಟು ವರ್ಷದಿಂದ ಯಾರೂ ನೋಡಿಲ್ಲ.

ಬೆಟ್ಟದ ಬುಡ:

ಮಾಡಿದೆ, ಸೆಲ್ಲೂ ಹಾಕಿದೆ, ಈಗ ಸೆಕೆಂಡಿಗೆ ಸರಿ. ನಿನ್ನೆ ರಾತ್ರಿ 2.40ಕ್ಕೆ ಗೋದಾಮಿನ ಹತ್ತಿರ ಸದ್ದಾಗಿ ನಾಯಿ ಕೂಗಿತು. ಅಪ್ಪಯ್ಯ ಹಾಸಿಗೆಯಲ್ಲೇ ಕೂತು ಎರಡು ಸಲ ಒತ್ತಿ ನೋಡಿ "ಮುಳ್ಳುಹಂದಿ" ಅಂತ ಹೇಳಿ ಮಲಗಿದರು.